ಕಣ್ಣಿಗೆ ಗರಿ ತಾಗಿದರೆ ನಾಳೆಗೆ ಬಿಡಬೇಡಿ

ಭತ್ತ ಕೊಯ್ಯುವಾಗ, ಕಬ್ಬಿನ ರವದಿ ಸುಲಿಯುವಾಗ, ಮೆಕ್ಕೆಜೋಳ ಮುರಿಯುವಾಗ ಕಣ್ಣಿಗೆ ಗರಿ ತಾಗೋದು ನಮಗೆ ಹೊಸದೇನಲ್ಲ. ಕಣ್ಣುಜ್ಜಿ, ಟವೆಲ್‌ನಿಂದ ಒರೆಸಿಕೊಂಡು ಮತ್ತೆ ಕೆಲಸಕ್ಕೆ ಇಳೀತೀವಿ. ಎಷ್ಟೋ ಸಲ ಏನೂ ಆಗಲ್ಲ. ಆದರೆ ಯಾವುದೋ ಒಂದು ಸಲ ಆ ಕಣ್ಣಿನ ದೃಷ್ಟಿಯೇ ಹೋಗಬಹುದು. ಅದಕ್ಕೇ ಈ ವಾರ ಬೆಳೆ ಬಿಟ್ಟು ಕಣ್ಣಿನ ಮಾತು.

ಸಣ್ಣ ಗೀರು ಹುಣ್ಣಾಗೋದು ಹೇಗೆ?

ಕರಿಗುಡ್ಡೆಯ ಮುಂದೆ ಗಾಜಿನಂಥ ತೆಳು ಪದರ ಇದೆ. ಇದೇ ಕಾರ್ನಿಯಾ. ಗರಿ ಇದನ್ನು ಗೀರಿದರೆ ಎಲೆ, ಹೊಟ್ಟು, ಮಣ್ಣಿನಲ್ಲಿರುವ ಶಿಲೀಂಧ್ರ ಒಳಗೆ ಸೇರಬಹುದು. ತೊಗರಿಗೆ ನೆಟೆ ರೋಗ ತರುವ ಫ್ಯುಸೇರಿಯಂ ಗೊತ್ತಲ್ಲ? ಅದೇ ಗುಂಪಿನ ಶಿಲೀಂಧ್ರಗಳು ಕಣ್ಣಲ್ಲೂ ಬೆಳೀತವೆ. ಕೆಲವು ದಿನಗಳಲ್ಲಿ ನೋವು ಹೆಚ್ಚುತ್ತೆ, ಕಣ್ಣು ಕೆಂಪಾಗುತ್ತೆ, ನೀರು ಸುರಿಯುತ್ತೆ, ಬೆಳಕು ನೋಡೋಕಾಗಲ್ಲ, ಬಿಳಿ ಚುಕ್ಕೆ ಕಾಣಿಸುತ್ತೆ. ಹುಣ್ಣು ಮಾಗಿದರೂ ಕಲೆ ಉಳಿದು ದೃಷ್ಟಿ ಮಂಜಾಗಬಹುದು.

ಮೊದಲ ದಿನವೇ ಮುಖ್ಯ

ನೇಪಾಳದ ಭಕ್ತಪುರ ಜಿಲ್ಲೆಯಲ್ಲಿ ನಡೆದ ಅಧ್ಯಯನವೊಂದರ ವರದಿ 2001ರಲ್ಲಿ ಪ್ರಕಟವಾಯಿತು. ಅಲ್ಲಿ ತರಬೇತಿ ಪಡೆದ ಹಳ್ಳಿಯ ಕಾರ್ಯಕರ್ತರು ಕಣ್ಣು ಗೀರಿದವರನ್ನು ಪರೀಕ್ಷಿಸಿ, ಮೂರು ದಿನ ಆಂಟಿಬಯಾಟಿಕ್ ಮುಲಾಮು ಹಚ್ಚಿದರು. ಪೆಟ್ಟಾದ 18 ಗಂಟೆಯೊಳಗೆ ಚಿಕಿತ್ಸೆ ಶುರುಮಾಡಿದ ಒಬ್ಬರಿಗೂ ಹುಣ್ಣಾಗಲಿಲ್ಲ. ತಡಮಾಡಿ ಬಂದವರಲ್ಲಿ ಕೆಲವರಿಗೆ ಆಯಿತು. ಅಂದರೆ ಗರಿ ತಾಗಿದ ದಿನವೇ ತೋರಿಸಿದರೆ ಸುಲಭದಲ್ಲಿ ಮುಗಿಯೋ ಕೆಲಸ ಇದು.

ತಕ್ಷಣ ಹೀಗೆ ಮಾಡಿ

1. ಕಣ್ಣು ಉಜ್ಜಬೇಡಿ. ಶುದ್ಧ ಕುಡಿಯುವ ನೀರಿನಿಂದ ತೊಳೆಯಿರಿ.
2. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಹಾಕಬೇಡಿ. ನಾಲಿಗೆಯಿಂದ ಕಸ ತೆಗೆಸಬೇಡಿ.
3. ಮೆಡಿಕಲ್ ಶಾಪ್‌ನಲ್ಲಿ ಕೇಳಿ ಡ್ರಾಪ್ಸ್ ಹಾಕಿಕೊಳ್ಳಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದು ವಾಸಿಯಾದಂತೆ ಕಾಣುತ್ತೆ, ಒಳಗೆ ಶಿಲೀಂಧ್ರ ಮಾತ್ರ ಬೆಳೀತಾ ಹೋಗುತ್ತೆ.
4. ಅದೇ ದಿನ ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿ ಅಥವಾ ಕಣ್ಣಿನ ಡಾಕ್ಟರಿಗೆ ತೋರಿಸಿ. "ಗರಿ ತಾಗಿದೆ" ಅಂತ ಮರೆಯದೆ ಹೇಳಿ. ಆ ಒಂದು ಮಾತಿನಿಂದ ಅವರು ಶಿಲೀಂಧ್ರದ ಕಡೆಗೂ ಗಮನ ಕೊಡ್ತಾರೆ.

ಸುಣ್ಣ, ಔಷಧಿ ಸಿಡಿದರೆ

ಅಡಿಕೆ ತೋಟದವರು ಬೋರ್ಡೋ ದ್ರಾವಣಕ್ಕೆ ಸುಣ್ಣ ಕದಡುವಾಗ, ತಲೆಯೆತ್ತಿ ಗೊನೆಗೆ ಹೊಡೆಯುವಾಗ ಬಹಳ ಎಚ್ಚರ ಬೇಕು. ಸುಣ್ಣ ಕ್ಷಾರ, ಕಣ್ಣಿನೊಳಗೆ ಇಳಿದು ಸುಡುತ್ತಲೇ ಹೋಗುತ್ತೆ. ಸುಣ್ಣ ಇರಲಿ, ಕೀಟನಾಶಕ ಇರಲಿ, ಆಸ್ಪತ್ರೆಗೆ ಓಡುವ ಮೊದಲು ಅಲ್ಲೇ ರೆಪ್ಪೆ ಬಿಡಿಸಿ ಹಿಡಿದು 15–20 ನಿಮಿಷ ನೀರು ಹರಿಸಿ. ಸುಣ್ಣದ ಕಣ ಇದ್ದರೆ ನೀರಿನಲ್ಲೇ ಹೋಗಲಿ. ಆಮೇಲೆ ಔಷಧಿ ಡಬ್ಬಿಯ ಲೇಬಲ್ ಫೋಟೊ ಹೊಡೆದುಕೊಂಡು ಡಾಕ್ಟರ ಹತ್ತಿರ ಹೋಗಿ.

ಬ್ರಷ್ ಕಟ್ಟರ್‌ನಿಂದ ಕಲ್ಲು, ಗ್ರೈಂಡರ್‌ನಿಂದ ಕಬ್ಬಿಣದ ಚೂರು ಹಾರಿ ಕಣ್ಣಿಗೆ ಚುಚ್ಚಿಕೊಂಡರೆ ಮಾತ್ರ ಕ್ರಮ ಬೇರೆ. ತೊಳೆಯಬೇಡಿ, ಕೀಳಬೇಡಿ, ಒತ್ತಬೇಡಿ. ಒತ್ತಡ ಬೀಳದ ಹಾಗೆ ಪೇಪರ್ ಕಪ್ ಮುಚ್ಚಿಕೊಂಡು ಕೂಡಲೇ ಆಸ್ಪತ್ರೆ ಸೇರಿ. ಬೇಕಿದ್ದರೆ 108ಕ್ಕೆ ಕರೆ ಮಾಡಿ.

ಈ ವಾರದ ಕೆಲಸ

ಪಕ್ಕದಲ್ಲೂ ಮುಚ್ಚಿರುವ ಪ್ಲಾಸ್ಟಿಕ್ ಗಾಗಲ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ. ಒಂದಲ್ಲ, ಕೂಲಿಗೆ ಬರುವವರಿಗೂ ಸೇರಿಸಿ ತನ್ನಿ. ಕೊಯ್ಲು, ಒಕ್ಕಣೆ, ಸಿಂಪರಣೆ ಮೂರಕ್ಕೂ ಹಾಕಿಕೊಳ್ಳಿ. ಬೆವರಿಗೆ ಮಂಜು ಕಟ್ಟುತ್ತೆ ಅನ್ನೋರು ಗಾಳಿಕಿಂಡಿ ಇರೋದನ್ನು ನೋಡಿ ತಗೊಳ್ಳಿ. ಸ್ಪ್ರೇ ಪಂಪ್ ಪಕ್ಕ ಒಂದು ಕ್ಯಾನ್ ಶುದ್ಧ ನೀರು ಯಾವಾಗಲೂ ಇರಲಿ. ಹತ್ತಿರದ ಕಣ್ಣಾಸ್ಪತ್ರೆಯ ನಂಬರ್ ಇವತ್ತೇ ಮೊಬೈಲಲ್ಲಿ ಸೇವ್ ಮಾಡಿಕೊಳ್ಳಿ.