ದತ್ತುಮಗುವೂ ದಾಸೋಹಭಾವವೂ

ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಶರಣರು ಸ್ಪಷ್ಟವಾಗಿ ಕಂಡಿದ್ದರು. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸನು; ಕೊಟ್ಟೆನೆಂಬ ನೆನಪು ಕೂಡ ಅವನಲ್ಲಿ ಉಳಿಯಲಾಗದು. ಜಾತ್ರೆಯ ಪಂಕ್ತಿಯಲ್ಲಿ ಒಂದು ಹೊತ್ತು ಅನ್ನ ಬಡಿಸುವಾಗ ಈ ಅಂತರ ಅಷ್ಟಾಗಿ ತೋರದು. ಎಂಟು ಹತ್ತು ವರುಷ ವಯಸ್ಸಿನ, ಅಂಗವೈಕಲ್ಯವುಳ್ಳ ಮಗುವೊಂದನ್ನು ದತ್ತು ಪಡೆದ ಗೃಹಸ್ಥರ ಮನೆಯಲ್ಲಾದರೋ ಅದು ದಿನದಿನದ ಪರೀಕ್ಷೆಯಾಗಿ ನಿಲ್ಲುತ್ತದೆ.

ಮೊದಲು ವ್ಯವಹಾರದ ಮಾತು. ೧೯೫೬ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಅದರ ಪ್ರಕಾರ ಮಗನುಳ್ಳವರು ಮತ್ತೊಬ್ಬ ಮಗನನ್ನು ದತ್ತು ಪಡೆಯಲು ಬಾರದು. ಪಾಲನಾಸಂಸ್ಥೆಗಳಲ್ಲಿರುವ ಅನಾಥ ಮಕ್ಕಳ ದತ್ತಕವು ೨೦೧೫ರ ಬಾಲನ್ಯಾಯ ಅಧಿನಿಯಮದಂತೆ ನಡೆಯುತ್ತದೆ. ಅಲ್ಲಿ ಈ ತಡೆಯಿಲ್ಲ. ೨೦೨೧ರ ತಿದ್ದುಪಡಿಯ ತರುವಾಯ ದತ್ತಕದ ಆದೇಶವನ್ನು ಕೊಡುವವರು ಜಿಲ್ಲಾ ದಂಡಾಧಿಕಾರಿಗಳು. ಮಗುವಿನ ವಯಸ್ಸಿಗೂ ತಿಳಿವಿಗೂ ತಕ್ಕಂತೆ ಅದರ ಇಚ್ಛೆಯನ್ನು ಮನ್ನಿಸಬೇಕೆಂದು ಆ ಶಾಸನವೇ ವಿಧಿಸುತ್ತದೆ. ಮಗು ಮನೆಗೆ ಬಂದ ಮೇಲೆ ಎರಡು ವರುಷಗಳ ಕಾಲ, ಆರು ತಿಂಗಳಿಗೊಮ್ಮೆ, ಅದರ ಯೋಗಕ್ಷೇಮವನ್ನು ವಿಚಾರಿಸುವ ನಿಯಮವೂ ಉಂಟು. ಆದೇಶಪತ್ರ ಕೈಸೇರಿದ ಮಾತ್ರಕ್ಕೆ ತಂದೆ ತಾಯಿ ಮಕ್ಕಳ ಸಂಬಂಧ ಬಲಿಯುವುದಿಲ್ಲವೆಂಬುದನ್ನು ಶಾಸನವೂ ಬಲ್ಲದು.

ಬೆಳೆದ ಮಗುವು ಬರಿಗೈಯಲ್ಲಿ ಬರುವುದಿಲ್ಲ; ತನ್ನ ಅನುಭವಗಳನ್ನೆಲ್ಲ ಹೊತ್ತುಕೊಂಡೇ ಬರುತ್ತದೆ. ಮೊದಲ ಕೆಲವು ವಾರ ಅದು ಹೇಳಿದಂತೆ ಕೇಳಿಕೊಂಡು, ನಕ್ಕು ನಲಿದು ಇರುವುದುಂಟು. ಮನೆಯವರು ಹಿಗ್ಗುತ್ತಾರೆ. ಆಮೇಲೆ ಒಂದು ದಿನ ದಿಂಬಿನ ಕೆಳಗೆ ಒಣಗಿದ ರೊಟ್ಟಿಯ ಚೂರುಗಳು ಸಿಕ್ಕುತ್ತವೆ. ಹಾಸಿಗೆ ಒದ್ದೆಯಾಗತೊಡಗುತ್ತದೆ. ಹೊರಗಿನವರೊಡನೆ ನಗುವ ಮಗು ತಾಯಿಯ ಮೇಲೆಯೇ ಮುನಿಯುತ್ತದೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತದೆ. ಇದನ್ನು ಕೃತಘ್ನತೆಯೆಂದು ಬಗೆಯುವುದೇ ದೊಡ್ಡ ತಪ್ಪು. ನೋಡಿಕೊಳ್ಳುವವರು ಮೇಲಿಂದ ಮೇಲೆ ಬದಲಾಗುತ್ತ ಬಂದ ಮಗುವು, ಇವರೂ ತನ್ನನ್ನು ಬಿಟ್ಟುಬಿಡುವರೋ ಎಂದು ತನಗೆ ತಿಳಿದ ರೀತಿಯಲ್ಲಿ ಪರೀಕ್ಷಿಸುತ್ತಿರುತ್ತದೆ. ರೊಟ್ಟಿಯನ್ನು ಕಸಿದುಕೊಳ್ಳುವುದರಿಂದ ಆ ಅಂಜಿಕೆ ಹೋಗದು. ಮಗುವಿನ ಕೈಗೆಟಕುವಲ್ಲಿ ಅವಲಕ್ಕಿಯ ಡಬ್ಬಿಯೊಂದನ್ನು ಇಟ್ಟು, ಅದು ಎಂದಿಗೂ ಬರಿದಾಗದಂತೆ ನೋಡಿಕೊಂಡರೆ ನಿಧಾನವಾಗಿ ಹೋದೀತು. ಊಟ, ನಿದ್ದೆ, ಶಾಲೆಗಳು ನಿತ್ಯವೂ ಒಂದೇ ಹೊತ್ತಿಗೆ ನಡೆಯಬೇಕು. ಮಾತಿನಲ್ಲಿ ಹೇಳಿದ್ದು ತಿಳಿಯದ ಮಗುವಿಗೆ ದಿನಚರಿಯನ್ನು ಚಿತ್ರಗಳಾಗಿ ಬರೆದು ಗೋಡೆಗೆ ಅಂಟಿಸಬೇಕು. ಎಷ್ಟೇ ಕೋಪ ಬಂದರೂ "ತಿರುಗಿ ಅಲ್ಲಿಗೇ ಕಳಿಸಿಬಿಡುತ್ತೇವೆ" ಎಂಬ ಮಾತು ಮಾತ್ರ ಆ ಮನೆಯಲ್ಲಿ ಯಾರ ಬಾಯಿಂದಲೂ ಹೊರಡಕೂಡದು.

ದೀಕ್ಷೆಯಿಂದ ಪೂರ್ವಾಶ್ರಯ ಕಳೆಯಿತೆಂದು ನಮ್ಮಲ್ಲಿ ಹೇಳುವುದುಂಟು. ಕೆಲವರು ಈ ಮಾತನ್ನು ದತ್ತುಮಗುವಿಗೂ ಅನ್ವಯಿಸಿ, ಹಿಂದಿನದನ್ನೆಲ್ಲ ಮರೆತುಬಿಡೆಂದು ಮಗುವಿಗೆ ಹೇಳುತ್ತಾರೆ. ಹುಟ್ಟಿನಿಂದ ಅಂಟಿಸಿದ ಮೇಲುಕೀಳನ್ನು ಎಣಿಸದಿರುವುದೇ ಪೂರ್ವಾಶ್ರಯ ಕಳೆಯುವುದರ ತಿರುಳು, ನೆನಪನ್ನು ಅಳಿಸುವುದಲ್ಲ. ಮಗುವಿನ ಹಳೆಯ ಹೆಸರು, ಸಂಸ್ಥೆಯ ಗೆಳೆಯರು, ಕಲಿತ ಹಾಡು, ಹಡೆದವಳ ವಿಷಯವಾಗಿ ಅದು ಕೇಳುವ ಪ್ರಶ್ನೆ, ಇವೆಲ್ಲಕ್ಕೂ ಮನೆಯಲ್ಲಿ ಎಡೆಯಿರಬೇಕು. ಹಾಗೆಯೇ ಅಂಗವೈಕಲ್ಯವನ್ನು ಪೂರ್ವಜನ್ಮದ ಕರ್ಮಫಲವೆಂದು ಬಂಧುಗಳು ಆಡಿದರೆ ಗೃಹಸ್ಥರು ಸುಮ್ಮನಿರಲಾಗದು. ಜನನಸೂತಕ, ಜಾತಿಸೂತಕಗಳನ್ನೇ ಒಪ್ಪದ ಶರಣರ ಹಾದಿಯಲ್ಲಿ ನಡೆಯುವವರು ದೇಹದ ಕೊರತೆಯನ್ನು ಹೊಸದೊಂದು ಸೂತಕವನ್ನಾಗಿ ಮಾಡಲುಂಟೇ?

ಮನೆಯಲ್ಲಿ ಮೊದಲೇ ಮಕ್ಕಳಿದ್ದರೆ ಅವರ ಮನಸ್ಸನ್ನೂ ಕಾಯಬೇಕು. ತಾಯಿಯ ಹೊತ್ತೆಲ್ಲ ಹೊಸ ಮಗುವಿನ ಆರೈಕೆಗೆ ಸಲ್ಲುವಾಗ, ಹಡೆದ ಮಗಳು ಮೂಲೆಯಲ್ಲಿ ಕುಳಿತು ಒಳಗೊಳಗೇ ಬೇಯುವುದು ಸಹಜ. ನೀನು ದೊಡ್ಡವಳು, ಸಹಿಸಿಕೋ ಎಂದರೆ ಸಾಲದು. ದಿನಕ್ಕೆ ಅರ್ಧ ಗಳಿಗೆಯಾದರೂ ಅವಳದೇ ಆಗಿರಬೇಕು. ಆರೈಕೆಯ ಭಾರವೂ ತಾಯಿಯೊಬ್ಬಳ ಮೇಲೆ ಬೀಳಬಾರದು. ಸೆರೆಬ್ರಲ್ ಪಾಲ್ಸಿಯುಳ್ಳ ಮಗುವಿನ ಕೈಕಾಲುಗಳ ವ್ಯಾಯಾಮವನ್ನು ತಂದೆಯೂ ಕಲಿಯಬೇಕು. ಕಿವಿ ಕೇಳದ ಮಗುವಾದರೆ ಸಂಜ್ಞಾಭಾಷೆಯನ್ನು ಅಜ್ಜಿಯಾದಿಯಾಗಿ ಎಲ್ಲರೂ ಕಲಿಯಬೇಕು. ಮಗುವೊಂದೇ ಕಲಿತರೆ ಅದು ಯಾರೊಡನೆ ಮಾತಾಡೀತು? ವಾಕ್ ಮತ್ತು ಶ್ರವಣದ ತೊಂದರೆಗಳಿಗಾಗಿಯೇ ಮೈಸೂರಿನಲ್ಲಿ ಅಖಿಲ ಭಾರತ ಸಂಸ್ಥೆಯಿದೆ. ವಿಕಲಚೇತನರ ಹಕ್ಕುಗಳ ೨೦೧೬ರ ಅಧಿನಿಯಮವು ೨೧ ಬಗೆಯ ವೈಕಲ್ಯಗಳನ್ನು ಗುರುತಿಸಿದೆ; ಶೇಕಡಾ ೪೦ಕ್ಕೆ ಕಡಮೆಯಿಲ್ಲದ ವೈಕಲ್ಯವುಳ್ಳ ಮಕ್ಕಳಿಗೆ ೬ರಿಂದ ೧೮ನೆಯ ವಯಸ್ಸಿನವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಇದನ್ನು ಕೇಳಿ ಪಡೆಯುವುದು ಭಿಕ್ಷೆಯಲ್ಲ.

ಈ ನಾಡಿನಲ್ಲಿ ಇದಕ್ಕೊಂದು ಹಿರಿಯ ನಿದರ್ಶನವಿದೆ. ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಕಣ್ಣಿಲ್ಲದ ಬಾಲಕನೊಬ್ಬನನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಅನ್ನವಿಕ್ಕಿದರೆ ಸಾಕೆಂದು ಅವರು ಬಗೆಯಲಿಲ್ಲ. ಬಾಲಕನ ಕಂಠವನ್ನು ಗುರುತಿಸಿ ಸಂಗೀತಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪). ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಅವರ ಮಡಿಲಲ್ಲಿ ಬೆಳೆದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ತಾವೂ ತಂದೆಯಾದರು. ಪಡೆದ ಆಸರೆಯ ಋಣವು ಕೊಟ್ಟವರಿಗೆ ಹಿಂದಿರುಗದೆ ಮುಂದಿನ ಮಕ್ಕಳಿಗೆ ಹರಿಯಿತು.

ಆದರೆ ಪ್ರತಿಯೊಂದು ಮಗುವೂ ಗವಾಯಿಯಾಗಲೆಂದು ಬಯಸುವುದು ಮತ್ತೊಂದು ಬಗೆಯ ಲೆಕ್ಕಾಚಾರವೇ ಸರಿ. ಯಾವ ವಿದ್ಯೆಯನ್ನೂ ಸಾಧಿಸದ ಮಗುವೂ ಆ ಮನೆಯ ಮಗುವೇ. ಅರ್ಧ ತಾಸು ಹೆಣಗಿ ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಂಡಿತೆಂದರೆ ಅದು ಆ ದಿನದ ಅದರ ಕಾಯಕ. ಅವಸರದಿಂದ ತಾವೇ ಗುಂಡಿ ಹಾಕಿಬಿಡುವವರು ಆ ಕಾಯಕವನ್ನು ಕಸಿದುಕೊಂಡಂತೆಯೇ ಆಯಿತು.

ಊರವರು "ಎಂಥ ಪುಣ್ಯದ ಕೆಲಸ ಮಾಡಿದಿರಿ!" ಎಂದು ಹೊಗಳುತ್ತಾರೆ. ಮಗು ಪಕ್ಕದಲ್ಲೇ ನಿಂತು ಅದನ್ನು ಕೇಳುತ್ತಿರುತ್ತದೆ. ತಾನು ಈ ಮನೆಯವರ ಪುಣ್ಯದ ಸಾಧನವೆಂದು ಅದಕ್ಕೆ ತೋರುತ್ತದೆ. ಆ ಕ್ಷಣದಲ್ಲಿ "ಪುಣ್ಯವೇನೂ ಅಲ್ಲ, ಇವನು ನಮ್ಮ ಮಗ" ಎಂದು ಮಗುವಿನ ಎದುರಿಗೇ ಹೇಳಬಲ್ಲ ತಂದೆ ತಾಯಿಗಳಲ್ಲಿ ದಾನಭಾವವು ಅಳಿದು ದಾಸೋಹಭಾವವು ನೆಲೆಗೊಂಡಿತೆಂದು ತಿಳಿಯಬೇಕು. ಮಗುವಿಗೆ ಆ ಮಾತಿನಲ್ಲಿ ನಂಬಿಕೆ ಹುಟ್ಟಲು ವರುಷಗಳೇ ಹಿಡಿಯಬಹುದು. ಅಲ್ಲಿಯವರೆಗೆ ಅವಲಕ್ಕಿಯ ಡಬ್ಬಿಯನ್ನು ಬೇಸರಿಸದೆ ತುಂಬುತ್ತಿರುವುದೇ ಗೃಹಸ್ಥರಿಗೆ ಒದಗಿದ ನಿತ್ಯದಾಸೋಹ.