ಜಾಲತಾಣದ ಚಿತ್ರಕಾರನೂ ಅವನ ಉಪಕರಣವೂ

ಕುಂಚವನ್ನು ಆರಿಸಿಕೊಳ್ಳುವ ಹಕ್ಕು ಚಿತ್ರಕಾರನದು. ಇದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಚಿತ್ರವನ್ನು ನೋಡಲು ನೋಡುಗನೂ ಒಂದೇ ಅಂಗಡಿಯ ಕನ್ನಡಕವನ್ನು ಹಾಕಿಕೊಳ್ಳಬೇಕೆಂದರೆ? ಜಾಲತಾಣಗಳಲ್ಲಿ ಚಿತ್ರ, ಧ್ವನಿ, ಚಲನೆಗಳನ್ನು ಅಳವಡಿಸುವವರ ಮುಂದೆ ಬಹುಕಾಲ ನಿಂತಿದ್ದ ಪ್ರಶ್ನೆ ಇದೇ.

1996ರಲ್ಲಿ ಹುಟ್ಟಿದ ಫ್ಲ್ಯಾಶ್ ಎಂಬುದು ಆ ಕಾಲದ ಅಚ್ಚುಮೆಚ್ಚಿನ ಉಪಕರಣ. ಪುಟವನ್ನು ತೋರಿಸುವ ಬ್ರೌಸರಿಗೆ ಫ್ಲ್ಯಾಶ್ ತಾನಾಗಿ ತಿಳಿಯದು. ಬೇರೊಂದು ಪ್ಲೇಯರನ್ನು ಜೋಡಿಸಬೇಕು. 2007ರಲ್ಲಿ ಮೈಕ್ರೋಸಾಫ್ಟ್ ತನ್ನ ಸಿಲ್ವರ್‌ಲೈಟನ್ನು ಸ್ಪರ್ಧೆಗಿಳಿಸಿತು. ಇವೆರಡಕ್ಕೂ ಹೊರಗೆ ಎಸ್‌ವಿಜಿ ಎಂಬ ತೆರೆದ ರೂಪ 2001ರಲ್ಲಿಯೇ ಸಿದ್ಧವಾಗಿತ್ತು. ಅದರಲ್ಲಿ ಚಿತ್ರವು ಬರಹದ ರೂಪದಲ್ಲಿರುತ್ತದೆ. ಯಾರು ಬೇಕಾದರೂ ಬಿಚ್ಚಿ ಓದಬಹುದು, ತಿದ್ದಬಹುದು. ಆದರೂ ಚಿತ್ರಕಾರರು ಫ್ಲ್ಯಾಶನ್ನೇ ಹಿಡಿದರು. ಅವರನ್ನು ದೂರಲು ನಾನು ಸಿದ್ಧನಿಲ್ಲ. ಕೈಯಿಂದ ಗೆರೆ ಎಳೆದು ಅದನ್ನು ಕುಣಿಸುವ ಸೌಕರ್ಯ ಅಷ್ಟು ಸುಲಭವಾಗಿ ಬೇರೆಲ್ಲಿತ್ತು?

ಕನ್ನಡಕ್ಕೆ ಮಾತ್ರ ಇದರಿಂದ ಒಂದು ನಷ್ಟವಾಯಿತು. ಹಳೆಯ ಫ್ಲ್ಯಾಶಿನಲ್ಲಿ ಒತ್ತಕ್ಷರಗಳ ಜೋಡಣೆ ನೆಚ್ಚುವಂತಿರಲಿಲ್ಲ. ಆದಕಾರಣ ಅಕ್ಷರಗಳನ್ನೇ ಚಿತ್ರವಾಗಿಸುವುದು ಸುಲಭದ ದಾರಿಯಾಯಿತು. ಕಣ್ಣಿಗೆ ಅದು ಕನ್ನಡ. ಗಣಕಯಂತ್ರಕ್ಕೆ ಬರಿಯ ಗೆರೆ. ಹುಡುಕಿದರೆ ಸಿಗದು, ಅಂಧರಿಗೆ ಓದಿಹೇಳುವ ತಂತ್ರಾಂಶಕ್ಕೂ ನಿಲುಕದು.

2007ರಲ್ಲಿ ಬಂದ ಐಫೋನು ಫ್ಲ್ಯಾಶನ್ನು ಒಳಗೆ ಬಿಡಲಿಲ್ಲ. ಎಚ್‌ಟಿಎಂಎಲ್‌ನ ಐದನೆಯ ಆವೃತ್ತಿ 2014ರಲ್ಲಿ ಅಂಗೀಕೃತವಾಗಿ, ಚಲನಚಿತ್ರವನ್ನು ಬ್ರೌಸರೇ ತೋರಿಸುವಂತಾಯಿತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶಿನ ಬೆಂಬಲ ಕೊನೆಗೊಂಡಿತು, ಮರುವರ್ಷ ಸಿಲ್ವರ್‌ಲೈಟಿನದು. ಇಲ್ಲೊಂದು ಸ್ವಾರಸ್ಯವಿದೆ. ಫ್ಲ್ಯಾಶ್ ಚಿತ್ರಗಳನ್ನು ರಚಿಸುವ ಉಪಕರಣ ಸಾಯಲಿಲ್ಲ. 2016ರಲ್ಲಿ ಅನಿಮೇಟ್ ಎಂಬ ಹೆಸರು ಪಡೆದು, ತೆರೆದ ರೂಪದಲ್ಲಿಯೂ ಚಿತ್ರ ಹೊರಡಿಸುತ್ತ ಬದುಕಿತು. ಸತ್ತದ್ದು ಮುಚ್ಚಿದ ರೂಪ. ಹೀಗಿರಲು ಉಪಕರಣವನ್ನು ಆರಿಸುವ ಸ್ವಾತಂತ್ರ್ಯ ಬೇರೆ, ಕೃತಿಯನ್ನು ಯಾವ ರೂಪದಲ್ಲಿ ಉಳಿಸಬೇಕೆಂಬ ವಿಚಾರ ಬೇರೆ ಎಂದು ನನಗೆ ತೋರುತ್ತದೆ.

ಇದು ದೂರದ ಮಾತಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಮದುವೆಯ ಕರೆಯೋಲೆ, ಸ್ಮರಣ ಸಂಚಿಕೆಗಳನ್ನು ಜೋಡಿಸುವವರ ಗಣಕಗಳಲ್ಲಿ ಹಳೆಯ ಸಂಕೇತಗಳ ಕನ್ನಡ ಇನ್ನೂ ಇದೆ. ಕಾಗದದ ಮೇಲೆ ಬಲು ಸೊಗಸು. ಅದೇ ಬರಹವನ್ನು ಮೊಬೈಲಿಗೆ ಕಳುಹಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಇತ್ತ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ಕನ್ನಡ ಅಕ್ಷರರೂಪದ ಹೆಸರು 'ತುಂಗಾ' (ತೀರ್ಥಹಳ್ಳಿಯ ಮಿತ್ರರು ಹೆಮ್ಮೆಪಡಲಿ!).

ಹಳೆಯದನ್ನು ಯೂನಿಕೋಡಿಗೆ ತರುವ ತಂತ್ರಾಂಶಗಳೇನೋ ಉಚಿತವಾಗಿ ಸಿಗುತ್ತವೆ. ತೊಡಕಿರುವುದು ಅರ್ಕಾವತ್ತಿನಲ್ಲಿ. 'ಧರ್ಮ' ಎಂಬಲ್ಲಿ ಹಳೆಯ ಸಂಕೇತವು ಕಣ್ಣಿಗೆ ಕಂಡಂತೆ ಮಕಾರದ ನಂತರ ಅರ್ಕಾವತ್ತನ್ನು ಇಡುತ್ತದೆ. ಯೂನಿಕೋಡ್ ಉಚ್ಚಾರದಂತೆ ರೇಫವನ್ನು ಮೊದಲಿಡುತ್ತದೆ. ಯಂತ್ರವು ಆ ಸ್ಥಾನಪಲ್ಲಟದಲ್ಲಿ ಎಡವಬಹುದಾದುದರಿಂದ, ಪರಿವರ್ತನೆಯಾದ ಪ್ರತಿ ಪುಟವನ್ನೂ ಕನ್ನಡ ಬಲ್ಲವರೊಬ್ಬರು ಕುಳಿತು ಓದಲೇಬೇಕು.