ಗರ್ಭಕೋಶದ ಗಡ್ಡೆ: ಭಯವೂ ಬೇಡ, ಅಲಕ್ಷ್ಯವೂ ಬೇಡ

ಸ್ಕ್ಯಾನಿಂಗ್ ವರದಿಯಲ್ಲಿ ‘ಫೈಬ್ರಾಯ್ಡ್’ ಎಂಬ ಪದ ಕಂಡ ಕೂಡಲೇ ಅನೇಕ ಮನೆಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. “ಕ್ಯಾನ್ಸರ್ ಇರಬಹುದೇ?” ಎಂಬುದು ಒಂದು. “ಹೇಗೂ ಮಕ್ಕಳಾಗಿವೆ, ಗರ್ಭಕೋಶವನ್ನೇ ತೆಗೆಸಿಬಿಡಿ” ಎಂಬುದು ಇನ್ನೊಂದು. ಹೆಚ್ಚಿನ ಸಂದರ್ಭಗಳಲ್ಲಿ ಈ ಭಯಕ್ಕೂ ಆಧಾರವಿಲ್ಲ, ಈ ಆತುರಕ್ಕೂ ಅಗತ್ಯವಿಲ್ಲ. ಆದರೆ ಗಡ್ಡೆಯಿಂದ ತಿಂಗಳುಗಟ್ಟಲೆ ರಕ್ತ ಹೋಗುತ್ತಿದ್ದರೂ ಸುಮ್ಮನಿರುವುದು ಅಪಾಯಕಾರಿ.

ಏನಿದು ಗಡ್ಡೆ?

ಗರ್ಭಕೋಶದ ಗೋಡೆ ಸ್ನಾಯುವಿನಿಂದ ಆಗಿದೆ. ಆ ಸ್ನಾಯುವಿನ ಒಂದು ಭಾಗ ಉಂಡೆಯಂತೆ ಬೆಳೆದರೆ ಅದೇ ಫೈಬ್ರಾಯ್ಡ್. ಅದು ಬಟಾಣಿ ಕಾಳಿನಷ್ಟಿರಬಹುದು, ತೆಂಗಿನಕಾಯಿಯಷ್ಟೂ ಬೆಳೆಯಬಹುದು. ಒಂದೇ ಇರಬಹುದು, ಹಲವು ಇರಬಹುದು. ಹೆಣ್ಣಿನ ದೇಹದ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳು ಇದನ್ನು ಬೆಳೆಸುತ್ತವೆ. ಆದ್ದರಿಂದ ಮುಟ್ಟು ಬರುವ ವಯಸ್ಸಿನಲ್ಲಿ, ಅದರಲ್ಲೂ 30ರಿಂದ 50ರ ನಡುವೆ, ಇದು ಹೆಚ್ಚಾಗಿ ಕಾಣಿಸುತ್ತದೆ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ. ತಾಯಿಗೆ ಅಥವಾ ಅಕ್ಕತಂಗಿಯರಿಗೆ ಇದ್ದರೆ ನಿಮಗೂ ಬರುವ ಸಾಧ್ಯತೆ ಹೆಚ್ಚು. ಇದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಗಡ್ಡೆ ಫೈಬ್ರಾಯ್ಡ್‌ನಂತೆ ಕಾಣಿಸಿಕೊಳ್ಳುವುದು ಬಹಳ ಅಪರೂಪ.

ಗಾತ್ರಕ್ಕಿಂತ ಜಾಗ ಮುಖ್ಯ

ಗರ್ಭಕೋಶದ ಒಳಪದರದ ಕಡೆಗೆ ಬೆಳೆದ ಗಡ್ಡೆ ಚಿಕ್ಕದಾದರೂ ವಿಪರೀತ ರಕ್ತಸ್ರಾವ ತರುತ್ತದೆ. ಗರ್ಭ ನಿಲ್ಲಲು ಅಡ್ಡಿಯಾಗುವುದೂ ಹೆಚ್ಚಾಗಿ ಇದೇ. ಹೊರಗಡೆಗೆ ಬೆಳೆದ ಗಡ್ಡೆ ಮುಟ್ಟನ್ನು ಅಷ್ಟಾಗಿ ಕೆಡಿಸುವುದಿಲ್ಲ. ಆದರೆ ದೊಡ್ಡದಾದಾಗ ಮೂತ್ರಕೋಶವನ್ನು ಒತ್ತಿ ಪದೇ ಪದೇ ಮೂತ್ರಕ್ಕೆ ಹೋಗುವಂತೆ ಮಾಡುತ್ತದೆ, ಮಲಬದ್ಧತೆ, ಸೊಂಟನೋವು, ಹೊಟ್ಟೆಭಾರ ಉಂಟುಮಾಡುತ್ತದೆ. ಆದ್ದರಿಂದ “ಎಷ್ಟು ಸೆಂಟಿಮೀಟರ್ ಇದೆ?” ಎಂದಷ್ಟೇ ಅಲ್ಲ, “ಎಲ್ಲಿದೆ?” ಎಂದೂ ವೈದ್ಯರನ್ನು ಕೇಳಿ. ಎಷ್ಟೋ ಮಹಿಳೆಯರಲ್ಲಿ ಗಡ್ಡೆ ಇದ್ದರೂ ಯಾವ ತೊಂದರೆಯೂ ಇರುವುದಿಲ್ಲ.

ಯಾವಾಗ ವೈದ್ಯರ ಬಳಿ ಹೋಗಬೇಕು?

ಮುಟ್ಟು 7-8 ದಿನ ದಾಟಿದರೆ, ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾದರೆ, ದೊಡ್ಡ ದೊಡ್ಡ ಹೆಪ್ಪುಗಳು ಹೋದರೆ, ಮೆಟ್ಟಿಲು ಹತ್ತುವಾಗ ಏದುಸಿರು, ತಲೆಸುತ್ತು, ಎದೆ ಡವಗುಟ್ಟುವಿಕೆ ಕಂಡರೆ ತಡಮಾಡಬಾರದು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತಪಾಸಣೆ ಬೇಕು. ಅದನ್ನು ಹಳೆಯ ಗಡ್ಡೆಯ ತಲೆಗೆ ಕಟ್ಟಬೇಡಿ.

ಇಲ್ಲಿ ನಮ್ಮ ಮನೆಗಳಲ್ಲಿ ಒಂದು ಗೊಂದಲವಿದೆ. ಹೈಝ್‌ನ ಗರಿಷ್ಠ ಅವಧಿ ಹನಫಿ ಮದ್‌ಹಬ್‌ನಲ್ಲಿ 10 ದಿನ, ಶಾಫಿಈ ಮದ್‌ಹಬ್‌ನಲ್ಲಿ 15 ದಿನ. “ಇನ್ನೂ 15 ದಿನ ಆಗಿಲ್ಲವಲ್ಲ” ಎಂದು ಕೆಲವರು ಕಾಯುತ್ತಾರೆ. ಆದರೆ ಈ ಲೆಕ್ಕ ಇರುವುದು ನಮಾಝ್, ಉಪವಾಸಗಳ ವಿಧಿಗಾಗಿ. ಆರೋಗ್ಯ ಸರಿಯಿದೆ ಎಂಬುದಕ್ಕೆ ಅದು ಪ್ರಮಾಣಪತ್ರವಲ್ಲ. ಪ್ರತಿ ತಿಂಗಳು 12 ದಿನ ರಕ್ತ ಹೋಗುವ ಹೆಣ್ಣು ರಕ್ತಹೀನತೆಗೆ ಒಳಗಾಗುತ್ತಾಳೆ.

ಇದನ್ನು ಹೇಳಿಕೊಳ್ಳಲು ನಾಚಿಕೆಪಡಬೇಕಾಗಿಯೂ ಇಲ್ಲ. ರಕ್ತಸ್ರಾವ ನಿಲ್ಲದಿದ್ದಾಗ ಫಾತಿಮಾ ಬಿಂತ್ ಅಬೀ ಹುಬೈಶ್(ರ) ಪ್ರವಾದಿ(ಸ)ರ ಬಳಿ ನೇರವಾಗಿ ಕೇಳಿದರು. ಅದು ಹೈಝ್ ಅಲ್ಲ, ರಕ್ತನಾಳದಿಂದ ಬರುವ ರಕ್ತ ಎಂದು ಪ್ರವಾದಿ(ಸ) ತಿಳಿಸಿದರು. ಹೈಝ್‌ನ ದಿನಗಳು ಮುಗಿದ ಮೇಲೂ ಹರಿಯುವ ಈ ಇಸ್ತಿಹಾಝದ ಸ್ಥಿತಿಯಲ್ಲಿ ಸ್ನಾನ ಮಾಡಿ, ನಮಾಝ್‌ನ ಸಮಯ ಬಂದ ಮೇಲೆ ಶುಚಿಗೊಳಿಸಿ ಪ್ಯಾಡ್ ಇಟ್ಟುಕೊಂಡು ವುಝೂ ಮಾಡಿ ನಮಾಝ್ ನಿರ್ವಹಿಸಬೇಕು. ದಿನಗಳ ಲೆಕ್ಕ ಗೊಂದಲವಾದರೆ ನಿಮ್ಮ ಮದ್‌ಹಬ್ ಬಲ್ಲ ವಿದ್ವಾಂಸರನ್ನು ಕೇಳಿ.

ಪರೀಕ್ಷೆಗಳು

ಸಾಮಾನ್ಯವಾಗಿ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನಲ್ಲೇ ಗಡ್ಡೆ ಗೊತ್ತಾಗುತ್ತದೆ. ಅವಿವಾಹಿತ ಹುಡುಗಿಯರಿಗೆ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನ್ ಮಾಡಬಹುದು. ಅದಕ್ಕಾಗಿ ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡಿರಬೇಕು. ಮಹಿಳಾ ವೈದ್ಯರೇ ಬೇಕೆಂದು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಆ ಕಾರಣಕ್ಕೆ ತಿಂಗಳುಗಟ್ಟಲೆ ಮುಂದೂಡಬೇಡಿ. ಜೊತೆಗೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಗರ್ಭಿಣಿಯಲ್ಲದ ಮಹಿಳೆಯಲ್ಲಿ ಅದು 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 45 ದಾಟಿದವರಿಗೆ ಅತಿಸ್ರಾವವಿದ್ದರೆ ಗರ್ಭಕೋಶದ ಒಳಪದರದ ತುಣುಕು ತೆಗೆದು ಪರೀಕ್ಷಿಸಲು ವೈದ್ಯರು ಹೇಳುತ್ತಾರೆ.

ಚಿಕಿತ್ಸೆಯ ದಾರಿಗಳು

ತೊಂದರೆ ಇಲ್ಲದ ಗಡ್ಡೆಗೆ ಚಿಕಿತ್ಸೆ ಬೇಡ. ವೈದ್ಯರು ಹೇಳಿದ ಸಮಯಕ್ಕೆ ಮತ್ತೆ ಸ್ಕ್ಯಾನ್ ಮಾಡಿಸಿದರೆ ಸಾಕು.

ರಕ್ತಸ್ರಾವ ಹೆಚ್ಚಿದ್ದರೆ ಮುಟ್ಟಿನ ದಿನಗಳಲ್ಲಿ ಮಾತ್ರ ನುಂಗುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ಹಾರ್ಮೋನ್ ಮಾತ್ರೆ ಅಥವಾ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ ನೆರವಾಗುತ್ತದೆ. ಇವು ರಕ್ತವನ್ನು ಹತೋಟಿಗೆ ತರುತ್ತವೆ, ಗಡ್ಡೆಯನ್ನು ಇಲ್ಲವಾಗಿಸುವುದಿಲ್ಲ. ಹಿಂದೆ ರಕ್ತ ಹೆಪ್ಪುಗಟ್ಟುವ ಕಾಯಿಲೆ ಬಂದಿದ್ದರೆ ತಪ್ಪದೆ ವೈದ್ಯರಿಗೆ ತಿಳಿಸಿ. ಗಡ್ಡೆಯನ್ನು ತಾತ್ಕಾಲಿಕವಾಗಿ ಕುಗ್ಗಿಸುವ ಚುಚ್ಚುಮದ್ದನ್ನು ಶಸ್ತ್ರಚಿಕಿತ್ಸೆಗೆ ಮೊದಲು ಕೆಲವು ತಿಂಗಳು ಕೊಡುವುದುಂಟು.

ಮಕ್ಕಳು ಬೇಕೆನ್ನುವವರಿಗೆ ಗಡ್ಡೆಯನ್ನಷ್ಟೇ ತೆಗೆದು ಗರ್ಭಕೋಶವನ್ನು ಉಳಿಸುವ ಮಯೋಮೆಕ್ಟಮಿ ಇದೆ. ಒಳಪದರದ ಗಡ್ಡೆಯನ್ನು ಹೊಟ್ಟೆ ಕೊಯ್ಯದೆ ಯೋನಿಯ ಮೂಲಕವೇ ತೆಗೆಯಬಹುದು. ಮುಂದೆ ಹೊಸ ಗಡ್ಡೆ ಬೆಳೆಯುವ ಸಾಧ್ಯತೆ ಮಾತ್ರ ಉಳಿಯುತ್ತದೆ. ಗಡ್ಡೆಗೆ ಹೋಗುವ ರಕ್ತನಾಳ ಮುಚ್ಚಿ ಅದನ್ನು ಕುಗ್ಗಿಸುವ ವಿಧಾನ ದೊಡ್ಡ ಆಸ್ಪತ್ರೆಗಳಲ್ಲಿದೆ. ಮುಂದೆ ಗರ್ಭ ಬಯಸುವವರಿಗೆ ಇದನ್ನು ಸಾಮಾನ್ಯವಾಗಿ ಸೂಚಿಸುವುದಿಲ್ಲ.

ಗರ್ಭಕೋಶ ತೆಗೆಯುವುದು ಕೊನೆಯ ದಾರಿ. ಬೇರೆ ಚಿಕಿತ್ಸೆ ಫಲಿಸದೆ ರಕ್ತಹೀನತೆ ಮುಂದುವರಿದರೆ ಅದು ಸರಿಯಾದ ನಿರ್ಧಾರವೇ. ಆದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯದೆ ಒಪ್ಪಬೇಡಿ. 2023ರ ಎಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ರಾಜ್ಯಗಳಿಗೆ ಆದೇಶಿಸಿತ್ತು. “ಅಂಡಾಶಯಗಳನ್ನೂ ತೆಗೆಯುತ್ತೀರಾ, ಏಕೆ?” ಎಂದು ತಪ್ಪದೆ ಕೇಳಿ. ಚಿಕ್ಕ ವಯಸ್ಸಿನಲ್ಲಿ ಎರಡೂ ಅಂಡಾಶಯ ಹೋದರೆ ಎಲುಬು ಸವೆತ ಮತ್ತು ಹೃದ್ರೋಗದ ಅಪಾಯ ಹೆಚ್ಚುತ್ತದೆ.

ಆಹಾರ, ಉಪವಾಸ, ಮನೆಮದ್ದು

ಸೊಪ್ಪು, ಕಾಳು, ಮಾಂಸ, ಮೀನು ರಕ್ತಹೀನತೆಗೆ ಒಳ್ಳೆಯದು. ಆದರೂ ರಕ್ತ ಬಹಳ ಕಡಿಮೆಯಿದ್ದರೆ ಕಬ್ಬಿಣಾಂಶದ ಮಾತ್ರೆ ಬೇಕೇ ಬೇಕು. ರಮಝಾನ್‌ನಲ್ಲಿ ಇದನ್ನು ಇಫ್ತಾರ್ ಮತ್ತು ಸಹರಿಯ ನಡುವೆ ನುಂಗಬಹುದು. ಚಹಾ ಕಬ್ಬಿಣಾಂಶ ಹೀರುವಿಕೆಗೆ ಅಡ್ಡಿ. ಮಾತ್ರೆಗೂ ಚಹಾಕ್ಕೂ ಒಂದೆರಡು ಗಂಟೆ ಅಂತರವಿರಲಿ, ಬದಲಿಗೆ ಲಿಂಬೆ ಶರಬತ್ತು ಕುಡಿಯಿರಿ. ತೀರಾ ನಿಶ್ಶಕ್ತಿಯಿದ್ದು ಉಪವಾಸ ಹಾನಿಕರವೆಂದು ವೈದ್ಯರು ಹೇಳಿದರೆ, ರೋಗಿಗೆ ಅಲ್ಲಾಹನು ಕೊಟ್ಟಿರುವ ರಿಯಾಯಿತಿಯನ್ನು ಬಳಸಿಕೊಂಡು ಗುಣವಾದ ಮೇಲೆ ಪೂರ್ತಿಗೊಳಿಸಬಹುದು.

ಗಡ್ಡೆ ಕರಗಿಸುತ್ತದೆಂದು ಸಾಬೀತಾದ ಸೊಪ್ಪು, ಕಷಾಯ ಯಾವುದೂ ಇಲ್ಲ. ಮೊದಲೇ ರಕ್ತ ಕಡಿಮೆಯಿರುವವರು ವೈದ್ಯರನ್ನು ಕೇಳದೆ ಹಿಜಾಮಾ ಮಾಡಿಸಿಕೊಂಡರೆ ಇದ್ದ ರಕ್ತವೂ ಹೋಗುತ್ತದೆ.

ಮನೆಯ ಗಂಡಸರು ಇದನ್ನು ‘ಹೆಂಗಸರ ವಿಷಯ’ವೆಂದು ಬಿಡಬಾರದು. ಪತ್ನಿ, ತಾಯಿ, ಮಗಳು ದಣಿದಿರುವುದು ಕಂಡರೆ ಕಾರಣ ವಿಚಾರಿಸಿ, ಜೊತೆಯಲ್ಲಿ ಆಸ್ಪತ್ರೆಗೆ ಹೋಗಿ. ಹೋಗುವಾಗ ಕಳೆದ ಮೂರು ತಿಂಗಳಲ್ಲಿ ಮುಟ್ಟು ಶುರುವಾದ ಮತ್ತು ನಿಂತ ದಿನಾಂಕ, ದಿನಕ್ಕೆ ಬಳಸಿದ ಪ್ಯಾಡ್‌ಗಳ ಸಂಖ್ಯೆಯನ್ನು ಒಂದು ಕಾಗದದಲ್ಲಿ ಬರೆದು, ಹಳೆಯ ಸ್ಕ್ಯಾನಿಂಗ್ ವರದಿಗಳೊಂದಿಗೆ ಕೊಂಡುಹೋಗಿ. ಸರಿಯಾದ ಚಿಕಿತ್ಸೆ ಆರಿಸಲು ವೈದ್ಯರಿಗೆ ಮೊದಲು ಬೇಕಾಗುವುದು ಇದೇ ಮಾಹಿತಿ.